ಗಾಳಿಯಲ್ಲಿ ಸೊನ್ನೆ ಬರೆಯುತ್ತಿದ್ದ ಸರ್

ಹೋದ ತಿಂಗಳು ದಾವಣಗೆರೆಯ ಒಂದು ಸಭಾಂಗಣದಲ್ಲಿ ನಮ್ಮ ಸರ್‌ಗೆ ಬೀಳ್ಕೊಡುಗೆ ಆಯಿತು. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಅವರದೇ ಮುಖ ಅಚ್ಚು ಹಾಕಿಸಿದ ಗಾಜಿನ ಫಲಕ, ಯಾವುದಕ್ಕೂ ಕೊರತೆ ಇರಲಿಲ್ಲ. ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು, ಇವರು ಜಿಲ್ಲೆಯ ಹೆಣ್ಣುಮಕ್ಕಳಿಗೆ ಧ್ವನಿ ಕೊಟ್ಟವರು ಎಂದರು. ಹಿಂದಿನ ಸಾಲಿನಲ್ಲಿ ಕೂತು ಕೇಸರಿಬಾತ್ ತಿನ್ನುತ್ತಿದ್ದ ನನಗೆ ಅದು ಗಂಟಲಲ್ಲೇ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದವರು ನೀರು ಕೊಟ್ಟರು. ಭಾವುಕಳಾಗಿದ್ದೇನೆ ಎಂದುಕೊಂಡರೋ ಏನೋ, ಬೆನ್ನನ್ನೂ ಸವರಿದರು.

ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಘಟಕರು ಮೊದಲೇ ಕೇಳಿದ್ದರು. “ನೀವು ಅವರ ಕೈಕೆಳಗೆ ಇದ್ದು ಕೆಲಸ ಕಲ್ತೋರು. ನಿಮಗಿಂತ ಚೆಂದ ಇನ್ಯಾರು ಬರಿತಾರ್ರಿ ಮೇಡಂ?” ಎಂದರು. ಬರೆದುಕೊಟ್ಟೆ. ಓದಿದವರು ಮತ್ತೆ ಫೋನು ಮಾಡಲಿಲ್ಲ, ಸಂಚಿಕೆಯಲ್ಲೂ ಹಾಕಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಈಗ ಅದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಸರ್ ಹೆಸರು ಬರೆಯುವುದಿಲ್ಲ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ, ನಿಮ್ಮೂರಿನವರ ಹೆಸರನ್ನೇ ಹಾಕಿಕೊಂಡು ಓದಿಕೊಳ್ಳಬಹುದು.

ನಮ್ಮದು ಹದಿಹರೆಯದ ಮಕ್ಕಳ ಆರೋಗ್ಯಕ್ಕೆಂದು ಹುಟ್ಟಿದ ಸಂಸ್ಥೆ. ಹದಡಿ ರಸ್ತೆಯಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಸರ್ ಅದರ ಮುಖ್ಯಸ್ಥರು. ನಾನು ನರ್ಸ್ ಕೆಲಸ ಬಿಟ್ಟು ಬಂದು, ಶಾಲೆಗಳಿಗೆ ಹೋಗಿ ಹುಡುಗಿಯರ ಜೊತೆ ಮಾತಾಡುವ ಕೆಲಸಕ್ಕೆ ಸೇರಿದವಳು. ಹುಡುಗಿಯರಿಗೆ ಮೈ ನೆರೆಯುವ ವಯಸ್ಸಿನಲ್ಲಿ ಹುಟ್ಟುವ ನೂರು ಪ್ರಶ್ನೆಗಳಿಗೆ ಮೊಬೈಲಿನಲ್ಲೇ ಉತ್ತರ ಸಿಗಬೇಕು ಎಂದು ನಮ್ಮಲ್ಲಿ ಒಂದು ಆ್ಯಪ್ ತಯಾರಾಯಿತು. ಹೆಸರು ‘ಅಕ್ಕನ್ನ ಕೇಳು’. ಆ ಆ್ಯಪ್‌ಗೆ ತಂದೆ ತಾಯಿ ಬಂಧು ಬಳಗ ಎಲ್ಲ ನಮ್ಮ ಸರ್.

ಇಲ್ಲೊಂದು ಸಣ್ಣ ತೊಂದರೆ ಇತ್ತು. ಸರ್‌ಗೆ ‘ಮುಟ್ಟು’ ಎನ್ನುವ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ತೊದಲು ನಾಲಗೆಯವರೇನಲ್ಲ, ಮೈಕು ಸಿಕ್ಕರೆ ಊಟದ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ. ಆದರೆ ಆ ಮಾತು ಬರಬೇಕಾದ ಜಾಗ ಹತ್ತಿರ ಬಂದಂತೆ ಕಣ್ಣು ಮುಚ್ಚಿ, ಬಲಗೈ ತೋರುಬೆರಳು ಎತ್ತಿ, ಗಾಳಿಯಲ್ಲಿ ಒಂದು ಸೊನ್ನೆ ಬರೆಯುತ್ತಿದ್ದರು. ತಿಂಗಳ ಚಕ್ರ ಎಂದು ಅದರ ಅರ್ಥ. “ನಮ್ಮ ಗ್ರಾಮೀಣ ಹೆಣ್ಣುಮಕ್ಕಳಿಗೆ...” ಎಂದು ಶುರುಮಾಡಿ ಒಂದು ಸೊನ್ನೆ, “...ಆದಾಗ ಶಾಲೆ ತಪ್ಪಿಸಬಾರದು” ಎಂದು ಮುಗಿಸುವರು. ನಮ್ಮ ಕೆಲಸ ನೋಡಲು ದೆಹಲಿಯಿಂದ ಬಂದಿದ್ದ ಒಬ್ಬಾಕೆ ಊಟದ ಹೊತ್ತಿನಲ್ಲಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಈ ಜಿಲ್ಲೆಯಲ್ಲಿ ಸಮಸ್ಯೆ ಸೊನ್ನೆ ಎಂದು ಇವರು ಹೇಳುತ್ತಿದ್ದಾರೆಯೇ ಎಂದು ಕೇಳಿದಳು. ನಾನು ಹೌದು ಎಂದುಬಿಟ್ಟೆ. ಬಿಸಿಲಿನಲ್ಲಿ ವಿವರಿಸುತ್ತ ನಿಲ್ಲುವ ತಾಳ್ಮೆ ಇರಲಿಲ್ಲ.

ಆ್ಯಪ್ ತಯಾರಾಗುವಾಗ ನಡೆದ ಸಭೆಗಳಲ್ಲಿ ನಾನೂ ಇದ್ದೆ. ಪರದೆಯ ಮೇಲೆ ಕಾಣುವ ಅಕ್ಕನ ಚಿತ್ರ ಹೇಗಿರಬೇಕು ಎಂಬುದೇ ಅವರಿಗೆ ದೊಡ್ಡ ಚಿಂತೆ. ಅಕ್ಕನ ರವಿಕೆಯ ತೋಳು ಮೊಣಕೈತನಕ ಇಳಿಯಿತು, ಸೆರಗು ಮೇಲೇರಿತು, ತುಟಿಯ ಬಣ್ಣ ಮಾಯವಾಯಿತು. ಚಿತ್ರ ಬರೆಯುವ ಹುಡುಗ ಕೊನೆಗೆ, ಇನ್ನು ಅಕ್ಕನಿಗೆ ಕಂಬಳಿ ಹೊದಿಸುವುದೊಂದು ಬಾಕಿ ಎಂದು ನನ್ನ ಹತ್ತಿರ ಗೊಣಗಿದ. ಅಕ್ಕನ ಬಟ್ಟೆಗೆ ಸಭೆಯ ಮೇಲೆ ಸಭೆ. ಹುಡುಗಿಯರು ಕೇಳಿದ್ದಕ್ಕೆ ಅಕ್ಕನ ಹೆಸರಿನಲ್ಲಿ ಉತ್ತರ ಕೊಡುವವರು ಯಾರು ಎಂಬ ಮಾತು ಮಾತ್ರ ಒಂದು ಲೋಟ ಚಹಾ ಮುಗಿಯುವುದರೊಳಗೆ ಮುಗಿಯಿತು. ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಬಂದು ಕೂರುತ್ತಾರೆ ಎಂದರು, ಎಲ್ಲರೂ ತಲೆಯಾಡಿಸಿದರು.

ದೇಹದ ಒಳಭಾಗ ತೋರಿಸುವ ಚಿತ್ರ ಬಂದಾಗ ಸರ್ ಬೆವರಿದರು. “ಇದು ಸೂಕ್ಷ್ಮ ವಿಷಯ. ಇಷ್ಟು ಬಿಚ್ಚಿ ತೋರಿಸೋದು ನಮ್ಮ ಸಂಸ್ಕೃತಿಗೆ ಒಗ್ಗಲ್ಲ. ಇಲ್ಲೊಂದು ಹೂವು ಇಡ್ರಿ” ಎಂದರು. ಗರ್ಭಕೋಶ ಇರಬೇಕಾದ ಕಡೆ ಕೆಂಪು ದಾಸವಾಳ ಅರಳಿತು. ಆನೆಕೊಂಡದ ಶಾಲೆಯಲ್ಲಿ ನಾನು ಆ್ಯಪ್ ತೋರಿಸಿದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಹಳ ಹೊತ್ತು ಅದನ್ನೇ ನೋಡಿ, “ಮೇಡಂ, ಈ ಹೂವ ಅರೆದು ಹೊಟ್ಟಿಗೆ ಹಚ್ಕೋಬೇಕಾ, ಕುಡಿಬೇಕಾ?” ಎಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಅವರಿಗೂ ಅದೇ ಅನುಮಾನ ಇದ್ದಿರಬೇಕು. ಇದನ್ನು ಬಂದು ಸರ್‌ಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. “ನೋಡಿದ್ಯಾ, ಮಕ್ಕಳು ಪ್ರಶ್ನೆ ಕೇಳೋಕೆ ಶುರುಮಾಡಿದ್ರು” ಎಂದರು.

ನ್ಯಾಯವಾಗಿ ಹೇಳುವುದಾದರೆ ಅವರು ಕೆಟ್ಟವರೇನಲ್ಲ. ಕಚೇರಿಗೆ ನಮಗಿಂತ ಮೊದಲು ಬರುತ್ತಿದ್ದರು. ಸಂಸ್ಥೆಯ ಗಾಡಿಯನ್ನು ಮನೆಯ ಕೆಲಸಕ್ಕೆ ಬಳಸಿದ್ದನ್ನು ನಾನು ನೋಡಿಲ್ಲ. ಹದಡಿ ಹಳ್ಳಿಯಲ್ಲಿ ಮುದುಕಿಯರ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಂಡಕ್ಕಿ ತಿಂದಿದ್ದಾರೆ. ಕಳ್ಳರಾಗಿದ್ದರೆ ಅವರನ್ನು ಸಹಿಸುವುದು ನನಗೆ ಸುಲಭವಾಗುತ್ತಿತ್ತು. ಅವರು ಹೆದರುಪುಕ್ಕಲರು, ಆ ಹೆದರಿಕೆಗೆ ಸಂಸ್ಕೃತಿ ಎಂದು ಹೆಸರಿಟ್ಟುಕೊಂಡು ಮರ್ಯಾದೆಯಿಂದ ಬದುಕಿದವರು. ಅಂಥವರನ್ನು ನಾನು ಕ್ಷಮಿಸಲಾರೆ.

ಒಂದು ಭಾನುವಾರ ಯಾವುದೋ ಸಹಿಗೆ ಅವರ ಮನೆಗೆ ಹೋಗಿದ್ದೆ. ಅವರ ಮೊಮ್ಮಗಳು, ಏಳನೆಯದೋ ಎಂಟನೆಯದೋ ಓದುವವಳು, ತಾತನ ಫೋನು ಹಿಡಿದು ಸೋಫಾದ ಮೇಲೆ ಮಲಗಿದ್ದಳು. “ತಾತಾ, ಈ ಅಕ್ಕ ಯಾರು? ಏನು ಕೇಳಿದ್ರೂ ಹೇಳ್ತಾಳಾ?” ಎಂದು ಅವಳು ಕೇಳಿದ್ದೇ ತಡ, ಸರ್ ಕೂತಲ್ಲಿಂದ ಹಾರಿ ಫೋನು ಕಸಿದುಕೊಂಡರು. “ಅದು ಆಫೀಸಿನದು ಪುಟ್ಟಿ. ನಿನಗಲ್ಲ.” ಹುಡುಗಿ ಮುಖ ಸಣ್ಣ ಮಾಡಿ ಒಳಗೆ ಹೋಯಿತು. ನಾನು, ಇರಲಿ ಬಿಡಿ ಸರ್, ಅವಳ ವಯಸ್ಸಿನವರಿಗೇ ಅಲ್ಲವೇ ಮಾಡಿದ್ದು ಎಂದೆ. ಅವರು ಫೋನಿನ ಗಾಜನ್ನು ಕರವಸ್ತ್ರದಿಂದ ಒರೆಸುತ್ತ, ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದರು: “ನೋಡಮ್ಮ, ಅದು ಬಡವರ ಮಕ್ಕಳಿಗೆ.” ಆ ದಿನ ಅವರ ಮನೆಯ ಕಾಫಿ ಕುಡಿಯದೆ ಎದ್ದು ಬಂದೆ. ಅವರು ಅದನ್ನು ಗಮನಿಸಲಿಲ್ಲ.

ಇನ್ನು ಆ್ಯಪಿನಲ್ಲಿದ್ದ ಕೆಂಪು ಗುಂಡಿಯ ವಿಷಯ. ಎಲ್ಲ ಹುಡುಗಿಯರಿಗೂ ಫೋನಿನಲ್ಲಿ ಕನ್ನಡ ಬೆರಳಚ್ಚಿಸಲು ಬರುವುದಿಲ್ಲ. ಅದಕ್ಕೆ, ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಪ್ರಶ್ನೆ ಅವರ ಧ್ವನಿಯಲ್ಲೇ ಅಕ್ಕನಿಗೆ ತಲುಪುವ ವ್ಯವಸ್ಥೆ. ಹೆಸರು ಹೇಳಬೇಕಿಲ್ಲ. ಈ ಪ್ರಶ್ನೆಗಳು ಸರ್‌ಗೆ ಮತ್ತು ಡಾಕ್ಟರಮ್ಮನಿಗೆ ಬಿಟ್ಟರೆ ಇನ್ಯಾರಿಗೂ ಕೇಳಿಸಬಾರದು, ಗೌಪ್ಯತೆ ಎಂದರು. ಶಾಲೆ ಶಾಲೆ ಸುತ್ತುವ ನಮಗೂ ಕೇಳಿಸುತ್ತಿರಲಿಲ್ಲ. ಡಾಕ್ಟರಮ್ಮ ಕೆಲವು ವಾರ ಬಂದು, ಆಮೇಲೆ ಬೇರೆ ಊರಿಗೆ ಹೋದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಪ್ರಶ್ನೆ ಕೇಳಿದ ಹುಡುಗಿಗೆ ಪರದೆಯ ಮೇಲೆ, ಅಕ್ಕ ಗಲ್ಲಕ್ಕೆ ಬೆರಳಿಟ್ಟುಕೊಂಡಿರುವ ಚಿತ್ರದ ಕೆಳಗೆ, ಒಂದೇ ಸಾಲು ಬರುತ್ತಿತ್ತು: ‘ಅಕ್ಕ ಯೋಚಿಸುತ್ತಿದ್ದಾಳೆ. ದಯವಿಟ್ಟು ಕಾಯಿರಿ.’ ಪ್ರಶ್ನೆಗಳನ್ನು ನನಗಾದರೂ ಕೊಡಿ, ನನಗೆ ತಿಳಿದದ್ದಕ್ಕೆ ಉತ್ತರ ಕೊಡುತ್ತೇನೆ, ಉಳಿದದ್ದನ್ನು ಡಾಕ್ಟರ ಹತ್ತಿರ ಕೇಳಿಕೊಂಡು ಬರುತ್ತೇನೆ ಎಂದು ಎಷ್ಟು ಸಲ ಕೇಳಿದೆನೋ. “ಬರ್ತಾರಮ್ಮ, ಹೊಸ ಡಾಕ್ಟರ್ ಬರ್ತಾರೆ. ಸೂಕ್ಷ್ಮ ವಿಷಯ, ಎಲ್ಲರ ಕೈಗೂ ಕೊಡೋಕಾಗಲ್ಲ” ಎನ್ನುವರು.

ಹರಿಹರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆ. ಪೇಟೆಗೆ ಅಂಟಿಕೊಂಡೇ ಇದೆ. ದಿನಾ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಹುಡುಗಿಯೊಬ್ಬಳು ಪತ್ರಿಕೆ ಹಿಡಿದು ಮೈಕಿನಲ್ಲಿ ಸುದ್ದಿ ಓದುತ್ತಾಳೆ. ಆ ವರ್ಷ ಓದುತ್ತಿದ್ದವಳು ಗಾದಿ ಹೊಲಿಯುವವರ ಮಗಳು, ಒಂಬತ್ತನೇ ತರಗತಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಧ್ವನಿಯಲ್ಲಿ ಸ್ವಲ್ಪ ಒಡಕು, ಆದರೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಓದುತ್ತಿದ್ದಳು. ಈ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಶಾಲೆಯ ಮಕ್ಕಳಷ್ಟೇ ಅಲ್ಲ, ಆಚೆಯ ಕಿರಾಣಿ ಅಂಗಡಿಯವರೂ ಬಾಗಿಲು ತೆರೆಯುತ್ತ ಅವಳ ಸುದ್ದಿ ಕೇಳುವರು. ಅವಳನ್ನು ಕೇಳಿ, ಅವಳ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಒಂದೆರಡು ಸಂಗತಿ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಒಪ್ಪಿಗೆ ಕೇಳುವುದೆಷ್ಟು ಸುಲಭ ಎಂದು ಅವಳನ್ನು ಕೇಳಿದ ದಿನ ನನಗೆ ಮತ್ತೆ ಅನ್ನಿಸಿತು.

ಅದೇ ಶಾಲೆಯಲ್ಲಿ ಆ್ಯಪಿಗೆ ಒಂದು ವರ್ಷ ತುಂಬಿದ ಸಮಾರಂಭ ಇಟ್ಟರು. ಹೊರಗಿನಿಂದ ಅತಿಥಿಗಳು ಬಂದಿದ್ದರು. ಅಂಗಳದಲ್ಲಿ ಶಾಮಿಯಾನ, ಕೆಳಗೆ ಜಮಖಾನದ ಮೇಲೆ ಶಾಲೆಯ ಅಷ್ಟೂ ಹುಡುಗಿಯರು, ಪಕ್ಕದಲ್ಲಿ ಶಿಕ್ಷಕಿಯರು, ಕೆಲವರ ತಾಯಂದಿರು. ಸರ್ ಭಾಷಣ ಮಾಡುತ್ತ, “ನಾನು ಮಾತಾಡೋದಕ್ಕಿಂತ ನಮ್ಮ ಹೆಣ್ಣುಮಕ್ಕಳೇ ಮಾತಾಡಲಿ” ಎಂದು ತಮ್ಮ ಫೋನನ್ನು ಮೈಕಿಗೆ ಹಿಡಿದರು. ನನಗೆ ಏನೆಂದು ತಿಳಿಯುವುದರೊಳಗೆ ಧ್ವನಿ ಬಂತು.

“ಅಕ್ಕಾ, ನಾನು ಒಂಬತ್ತನೇ ಕ್ಲಾಸು. ಹದಿನೈದು ದಿನ ಆತು, ನಿಲ್ಲಂಗಿಲ್ಲ. ತಲೆ ತಿರುಗ್ತೈತೆ. ನಾನೇನಾರ ತಪ್ಪು ಮಾಡೀನಾ? ಅಮ್ಮೀಗೆ ಹೇಳಿದ್ರೆ ಶಾಲೆ ಬಿಡಿಸ್ತಾರೇನೋ ಅಂತ ಹೇಳಿಲ್ಲ. ನೀನು ಹೇಳು ಅಕ್ಕಾ. ಯಾರಿಗೂ ಹೇಳ್ಬ್ಯಾಡ.”

ದಿನಾ ಸುದ್ದಿ ಓದುವ ಮೈಕು, ದಿನಾ ಸುದ್ದಿ ಓದುವ ಧ್ವನಿ. ಮೊದಲ ಮಾತಿಗೇ ಅಂಗಳದ ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಮೂರನೇ ಸಾಲಿನಲ್ಲಿ ಕೂತಿದ್ದ ಆ ಹುಡುಗಿ ದುಪಟ್ಟಾವನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿಕೊಂಡಿದ್ದಳು. ಈಗ ಮಾತಾಡುತ್ತಿರುವುದು ತಾನೇ, ಬಾಯಿ ಮುಚ್ಚಿದರೆ ನಿಂತೀತು ಎಂಬ ಹಾಗೆ. ನಾನು ವೈರು ಕೀಳಲು ಓಡಿದೆ, ಅಷ್ಟರಲ್ಲಿ ಮುಗಿದೇಹೋಗಿತ್ತು. ವೇದಿಕೆಯ ಮೇಲೆ ನಮ್ಮ ಸರ್ ಅಳುತ್ತಿದ್ದರು. ನಿಜವಾದ ಕಣ್ಣೀರು. ‘ಯಾರಿಗೂ ಹೇಳ್ಬ್ಯಾಡ’ ಎನ್ನುವಲ್ಲಿ ಅವರ ಹೃದಯ ಕರಗಿತ್ತು. ಕನ್ನಡ ಬಾರದ ಅತಿಥಿಗಳು ಅವರ ಕಣ್ಣೀರು ನೋಡಿ ಚಪ್ಪಾಳೆ ತಟ್ಟಿದರು. ಸರ್ ಆ ಚಪ್ಪಾಳೆ ಮುಗಿಯುವತನಕ ಕಣ್ಣೊರೆಸಿಕೊಳ್ಳಲಿಲ್ಲ, ಅದನ್ನೂ ನಾನು ನೋಡಿದೆ.

ಹುಡುಗಿ ಹಿಂದಿನ ಗೇಟಿನಿಂದ ಹೋಗಿಬಿಟ್ಟಿದ್ದಳು. ನಾನು ಅವಳ ಮನೆಯ ತನಕ ಹೋದೆ. ಬಾಗಿಲು ತಟ್ಟಿದರೂ ತೆರೆಯಲಿಲ್ಲ.

ಕಾರಿನಲ್ಲಿ ದಾವಣಗೆರೆಗೆ ವಾಪಸಾಗುವಾಗ ನಾನು ಬಾಯಿಗೆ ಬಂದಂತೆ ಬೈದೆ. ಅವರು ಕಿಟಕಿಯಾಚೆ ನೋಡುತ್ತ, “ಯಾರ ಹೆಸರೂ ಹೇಳಿಲ್ಲವಲ್ಲಮ್ಮ. ಹೆಸರೇ ಇಲ್ಲದ ಮೇಲೆ ಗೌಪ್ಯತೆ ಎಲ್ಲಿ ಹೋಯ್ತು?” ಎಂದರು.

“ಸರ್, ಅವಳು ಆ ಶಾಲೇಲಿ ದಿನಾ ಸುದ್ದಿ ಓದೋ ಹುಡುಗಿ.”

“ಅದು ನನಗೆ ಹೆಂಗೆ ಗೊತ್ತಾಗಬೇಕು?”

“ಒಂದು ದಿನ ಪ್ರಾರ್ಥನೆ ಹೊತ್ತಿಗೆ ಬಂದಿದ್ರೆ ಗೊತ್ತಾಗ್ತಿತ್ತು.”

ಸರ್ ಡ್ರೈವರಿಗೆ ಎ.ಸಿ. ಜಾಸ್ತಿ ಮಾಡಲು ಹೇಳಿದರು. ಸ್ವಲ್ಪ ದೂರ ಹೋದ ಮೇಲೆ, “ಇನ್ಮುಂದೆ ಧ್ವನಿ ಬದಲಾಯಿಸಿ ಕೇಳಿಸೋಣ. ಅದಕ್ಕೆಲ್ಲ ಸಾಫ್ಟ್‌ವೇರ್ ಐತೆ” ಎಂದರು. ಈ ಪ್ರಶ್ನೆ ಯಾವಾಗ ಬಂದದ್ದು ಎಂದು ಕೇಳಿದೆ. ತಿಂಗಳ ಮೇಲಾಯಿತು ಎಂದರು. ಉತ್ತರ ಏನು ಕೊಟ್ಟಿರಿ ಎಂದೆ. “ಡಾಕ್ಟರ್ ಬರಲಿ ತಡಿಯಮ್ಮ” ಎಂದರು. ಒಂದು ತಿಂಗಳ ಹಿಂದೆ, ರಕ್ತ ನಿಲ್ಲುತ್ತಿಲ್ಲ, ತಲೆ ತಿರುಗುತ್ತಿದೆ ಎಂದು ಒಂದು ಮಗು ಹೇಳಿಕೊಂಡದ್ದನ್ನು ಈ ಮನುಷ್ಯ ಕೇಳಿದ್ದರು. ಕೇಳಿ, ಸಮಾರಂಭಕ್ಕೆ ಆಗುತ್ತದೆ ಎಂದು ತೆಗೆದಿಟ್ಟುಕೊಂಡಿದ್ದರು. ನಾನು ದಾರಿಯಲ್ಲಿ ಬಾತಿ ಊರಿನ ಹತ್ತಿರ ಕಾರು ನಿಲ್ಲಿಸಿ ಇಳಿದು, ಬಸ್ಸು ಹಿಡಿದು ಮನೆಗೆ ಹೋದೆ.

ಅದಾದ ಎರಡನೆಯ ದಿನ ಹುಡುಗಿಯ ತಂದೆ ಕಚೇರಿಗೆ ಬಂದರು. ಮೆಟ್ಟಿಲಿನ ಕೆಳಗೆ ಆಟೋ ನಿಂತು, ಹರಿಹರದವರು ಬಂದಿದ್ದಾರೆ ಎಂದು ಟೈರ್ ಅಂಗಡಿಯ ಹುಡುಗ ಕೂಗಿದ ಕೂಡಲೇ ಸರ್ ಮುಖ ಬಿಳಿಚಿಕೊಂಡಿತು. “ಜಗಳಕ್ಕೆ ಬಂದಾನೆ. ನೀನು ಇಲ್ಲೇ ಇರಮ್ಮ” ಎಂದು ನನ್ನನ್ನು ಬಾಗಿಲಿಗೂ ತಮ್ಮ ಮೇಜಿಗೂ ನಡುವೆ ಕೂರಿಸಿಕೊಂಡರು. ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ತೆಳ್ಳನೆಯ ಮನುಷ್ಯ, ಹುಬ್ಬಿನಲ್ಲಿ, ಗಡ್ಡದಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು.

“ಕೂಡ್ರಿ ಕೂಡ್ರಿ. ಮೊನ್ನೆ ಆಗಿದ್ದಕ್ಕೆ ನಮಗೂ ಬೇಜಾರೈತೆ...” ಎಂದು ಸರ್ ಶುರುಮಾಡಿದರು.

“ಅದನ್ನ ಮಾತಾಡಾಕೆ ಬಂದಿಲ್ರಿ ಸಾಹೇಬ್ರೆ. ಹುಡುಗೀನ ದೊಡ್ಡಾಸ್ಪತ್ರೆಗೆ ಕರಕೊಂಡು ಹೊಂಟೀವಿ. ಕೆಳಗೆ ಆಟೋದಾಗೆ ಅವಳೂ ಅದಾಳೆ, ಅವರಮ್ಮೀನೂ ಅದಾಳೆ. ಮೊನ್ನಿಂದ ಎದ್ದು ನಿಂತ್ರೆ ಬೀಳ್ತಾಳೆ. ಆದ್ರೂ ಡಾಕ್ಟರ್ ಮುಂದೆ ಬರಲ್ಲ ಅಂತ ಹಟ. ತನ್ನ ತಪ್ಪಿಂದಾನೇ ಹಿಂಗಾಗೈತೆ ಅಂತ ಡಾಕ್ಟರ್ ಅಂದ್ಬಿಟ್ರೆ ಅಂತ ಅಳ್ತಾಳೆ. ತಿಂಗಳ ಹಿಂದೇನೇ ನಿಮ್ಮ ಫೋನಿನ ಅಕ್ಕನ್ನ ಕೇಳಿದ್ಲಂತೆ. ಅಕ್ಕ ಏನಂತಾಳೆ ಗೊತ್ತಾಗ್ಲಿ, ಆಮೇಲೆ ಬರ್ತೀನಿ ಅಂತಾಳೆ. ಅದಕ್ಕೆ ಬಂದೆ.” ಅವರು ನನ್ನನ್ನೊಮ್ಮೆ, ಸರ್ ಅವರನ್ನೊಮ್ಮೆ ನೋಡಿದರು. “ಅಕ್ಕ ಏನಂದ್ಲು?”

ಸರ್ ಗಂಟಲು ಸರಿಮಾಡಿಕೊಂಡರು. “ನೋಡಪ್ಪ, ಇದು ಸೂಕ್ಷ್ಮ ವಿಷಯ. ಹೆಣ್ಣುಮಕ್ಕಳಿಗೆ ಈ ವಯಸ್ಸಿನಲ್ಲಿ...” ಎಂದು ಬೆರಳೆತ್ತಿ ಸೊನ್ನೆ ಬರೆದರು. ತಂದೆ ಆ ಬೆರಳನ್ನೇ ನೋಡಿ, “ಹಂಗಂದ್ರೆ ಏನ್ರಿ?” ಎಂದರು. ಸರ್ ಮತ್ತೊಂದು ಸೊನ್ನೆ ಬರೆದರು. ಆಮೇಲೆ ಅವರ ಫೋನಿಗೆ ಇದ್ದಕ್ಕಿದ್ದಂತೆ ಯಾವುದೋ ಕರೆ ಬಂತು. ರಿಂಗು ನಮಗ್ಯಾರಿಗೂ ಕೇಳಲಿಲ್ಲ. “ನೀನೇ ಸ್ವಲ್ಪ ಹೇಳಮ್ಮ” ಎಂದು ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲಿಳಿದುಹೋದರು.

ನಾನು ಹೇಳಿದೆ. ಇದು ಅವಳ ತಪ್ಪಲ್ಲ. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ ಕೆಲವು ಹುಡುಗಿಯರಿಗೆ ಹೀಗೆ ಹೆಚ್ಚು ಹೋಗುವುದುಂಟು. ಮೈಯಲ್ಲಿ ರಕ್ತ ಕಡಿಮೆಯಾಗಿ ತಲೆ ತಿರುಗುತ್ತಿದೆ. ಪರೀಕ್ಷೆ ಮಾಡಿ ಕಾರಣ ಕಂಡುಹಿಡಿಯುತ್ತಾರೆ, ಔಷಧಿ ಇದೆ, ಆದರೆ ಇನ್ನು ಒಂದು ಗಳಿಗೆಯೂ ತಡಮಾಡಬಾರದು. ಅವರು ಒಂದೊಂದು ಮಾತನ್ನೂ ನನ್ನ ಹಿಂದೆಯೇ ಹೇಳಿಕೊಂಡರು. ‘ಮುಟ್ಟು’ ಎನ್ನುವಾಗ ಕಿವಿ ಕೆಂಪಾಯಿತು, ಆದರೂ ನಿಲ್ಲಿಸಲಿಲ್ಲ.

“ತಪ್ಪಲ್ಲ ಅನ್ನೋದನ್ನ ಮೊದಲು ಹೇಳ್ಲಾ, ಕೊನೇಗೆ ಹೇಳ್ಲಾ ಮೇಡಂ?”

“ಮೊದಲೇ ಹೇಳ್ರಿ.”

“ಇಷ್ಟೇನಾ?”

“ಇಷ್ಟೇರಿ.”

“ಇಷ್ಟು ಹೇಳಾಕೆ ಆಯಮ್ಮ ಒಂದು ತಿಂಗಳು ಯೋಚನೆ ಮಾಡಿದ್ಲಾ?”

ನಾನೇ ಕೆಳಗೆ ಬಂದು ಹೇಳುತ್ತೇನೆ, ಆಸ್ಪತ್ರೆಗೂ ಬರುತ್ತೇನೆ ಎಂದೆ. “ಆಸ್ಪತ್ರೆಗೆ ಬರ್ರಿ. ಹೇಳೋದು ಮಾತ್ರ ನಾನೇ ಹೇಳ್ತೀನಿ. ಮನೇಲಿ ಕೇಳಬೌದು ಅಂತ ಅವಳಿಗೆ ಗೊತ್ತಾಗ್ಲಿ” ಎಂದು ಅವರು ಇಳಿದರು. ನಾನು ಚೀಲ ತೆಗೆದುಕೊಂಡು ಹಿಂದೆಯೇ ಹೋಗಿ ಮೆಟ್ಟಿಲಿನ ತಿರುವಿನಲ್ಲಿ ನಿಂತೆ.

ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು. ಮೆಲ್ಲಗೆ ಹೇಳಿದರೆ ಆಟೋದ ಒಳಗೆ ಕೇಳುವ ಹಾಗಿರಲಿಲ್ಲ. ಆ ಮನುಷ್ಯ ಆಟೋದ ಕಂಬಿ ಹಿಡಿದು, ತಲೆ ಒಳಗೆ ಬಗ್ಗಿಸಿ, ಹದಡಿ ರಸ್ತೆಯ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದರು.

“ನಿನ್ನ ತಪ್ಪಲ್ಲ ಬೇಟಿ. ಮುಟ್ಟು ಶುರುವಾದ ಹೊಸದರಾಗೆ ಕೆಲವು ಹುಡುಗೇರಿಗೆ ಹಿಂಗಾಗ್ತೈತಂತೆ. ಮೈಯಾಗೆ ರಕ್ತ ಕಡಿಮೆ ಆಗೈತೆ, ಅದಕ್ಕೆ ತಲೆ ತಿರುಗ್ತೈತೆ. ಔಷಧಿ ಐತೆ. ನಡಿ, ತೋರಿಸೋಣ. ಶಾಲೆ ಬಿಡಿಸಲ್ಲ.”

ಕೊನೆಯ ಮಾತು ನಾನು ಹೇಳಿಕೊಟ್ಟದ್ದಲ್ಲ. ಆಟೋದ ಒಳಗಿಂದ ಒಂದು ಕೈ ಬಂದು ಅವರ ಅಂಗಿಯ ತೋಳನ್ನು ಹಿಡಿದುಕೊಂಡಿತು. ಅವಳ ಅಮ್ಮಿ ಸರಿದು ನನಗೆ ಜಾಗ ಮಾಡಿದಳು, ನಾನು ಇಳಿದು ಬಂದು ಹತ್ತಿ ಕೂತೆ.

ಆಟೋದಿಂದ ನಾಲ್ಕು ಮಾರು ದೂರದಲ್ಲಿ ನಮ್ಮ ಸರ್, ಪರದೆ ಆರಿದ್ದ ಫೋನನ್ನು ಕಿವಿಗೆ ಹಿಡಿದು ನಿಂತಿದ್ದರು. ಆ ತಂದೆಯ ಮಾತು ಪೂರ್ತಿ ಅವರಿಗೂ ಕೇಳಿಸಿತು. ಅವರು ಇನ್ನೂ ಸ್ವಲ್ಪ ದೂರ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡರು.